12 ಲಕ್ಷದ ಆಫರ್ ಅಂದ್ರೆ ಕೈಗೆ ಎಷ್ಟು? ದೊಡ್ಡ ಟೆಕ್ ಕಂಪನಿಯ ಒಳಲೆಕ್ಕ ಗೊತ್ತಿರೋರು ಹೇಳ್ರಿ

ಹದಡಿರೋಡ್

ದಾವಣಗೆರೆ ಹುಡುಗನೊಬ್ಬನಿಗೆ ಬೆಂಗಳೂರಿನ ದೊಡ್ಡ ಟೆಕ್ ಕಂಪನಿಯ ಆಫರ್ ಲೆಟರ್ ಬಂದಿದೆ. ಸಿಟಿಸಿ (ಅವನಿಗಾಗಿ ಕಂಪನಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು) 12 ಲಕ್ಷ, ಅದರಲ್ಲಿ ಜಾಯ್ನಿಂಗ್ ಬೋನಸ್ 1 ಲಕ್ಷ, ವೇರಿಯಬಲ್ (ಕೆಲಸದ ಫಲ ನೋಡಿ ಕೊಡೋ ಭಾಗ) 1.2 ಲಕ್ಷ. ವಾರಕ್ಕೆ ಮೂರು ದಿನ ಆಫೀಸು. ನೋಟಿಸ್ 90 ದಿನ, ಅಂದ್ರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಕೆಲಸ ಮಾಡಬೇಕು. ಮನೆಯವರೆಲ್ಲ 12ನ್ನು 12ರಿಂದ ಭಾಗಿಸಿ ತಿಂಗಳಿಗೆ ಲಕ್ಷ ಅಂತ ಕೂತಿದ್ದಾರೆ. ಕಂಪನಿ ಒಳ್ಳೇದೋ ಕೆಟ್ಟದ್ದೋ ಅಂತ ಕೇಳ್ತಿಲ್ಲ. ಸೇರಿದ ದಿನದಿಂದ ಬಿಡೋ ದಿನದವರೆಗೆ ಎಲ್ಲೆಲ್ಲಿ ಎಡವುತ್ತಾರೆ, ಅದು ಬೇಕು.

ಲೆಕ್ಕದಪುಸ್ತಕ

ಸಂಬಳದಿಂದ ಶುರು ಮಾಡೋಣ. ಬೇಸಿಕ್ (ಮೂಲ ವೇತನ) ವರ್ಷಕ್ಕೆ 4,50,000 ಅಂತ ಇಟ್ಕೊಳ್ರಿ.

12,00,000ದಲ್ಲಿ ಮೊದಲು ವೇರಿಯಬಲ್ 1,20,000 ತೆಗೀರಿ, ಅದು ತಿಂಗಳ ಸಂಬಳದಲ್ಲಿ ಬರಲ್ಲ. ಜಾಯ್ನಿಂಗ್ ಬೋನಸ್ 1,00,000 ಒಂದೇ ಸಲದ್ದು. ವಿಮೆ ಪ್ರೀಮಿಯಂ ಅಂತ 15,000 ಹಾಕಿರ್ತಾರೆ. ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡೋ ಹಣ) ಅಂತ ಬೇಸಿಕ್‌ನ ಶೇ. 4.81, ಅಂದ್ರೆ 21,645. ಕಂಪನಿ ಕಟ್ಟೋ ಪಿಎಫ್ ಶೇ. 12, ಅಂದ್ರೆ 54,000. ಇಷ್ಟನ್ನೂ ಕಳೆದರೆ ಉಳಿಯೋದು 8,89,355. ತಿಂಗಳಿಗೆ ಸುಮಾರು 74,113. ಇದರಲ್ಲಿ ನೌಕರನ ಪಾಲಿನ ಪಿಎಫ್ 4,500, ವೃತ್ತಿ ತೆರಿಗೆ 200 ಹೋಗುತ್ತೆ. ಕೈಗೆ 69,400 ಚಿಲ್ಲರೆ.

ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ರ ದರದಂತೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ 12 ಲಕ್ಷದವರೆಗೆ ಆದಾಯ ತೆರಿಗೆ ಬೀಳಲ್ಲ. ಹಾಗಾಗಿ ಟಿಡಿಎಸ್ (ಸಂಬಳದಲ್ಲೇ ಕಂಪನಿ ಹಿಡಿಯೋ ತೆರಿಗೆ) ಇಲ್ಲ. ವೃತ್ತಿ ತೆರಿಗೆ ಫೆಬ್ರುವರಿಯಲ್ಲಿ ಮಾತ್ರ 300 ಕಡಿತ ಆಗುತ್ತೆ, ಕರ್ನಾಟಕದಲ್ಲಿ 2025ರಿಂದ ಹಂಗೇ. ಆ ತಿಂಗಳು ನೂರು ರೂಪಾಯಿ ಕಮ್ಮಿ ಬಂತು ಅಂತ ಎಚ್‌ಆರ್‌ಗೆ ಮೇಲ್ ಹಾಕಬೇಡಿ.

4.81 ಎಲ್ಲಿಂದ ಬಂತು ಅಂದ್ರೆ, ಗ್ರಾಚ್ಯುಟಿ ಸೂತ್ರ ವರ್ಷಕ್ಕೆ 15/26 ತಿಂಗಳ ಬೇಸಿಕ್. ಅದನ್ನು 12ರಿಂದ ಭಾಗಿಸಿದರೆ 0.0481. ಐದು ವರ್ಷದ ಒಳಗೆ ಬಿಟ್ಟರೆ ಈ ದುಡ್ಡು ಸಿಗಲ್ಲ, ಆದರೂ ಸಿಟಿಸಿಯಲ್ಲಿ ಪ್ರತಿ ವರ್ಷ ತೋರಿಸ್ತಾರೆ.

ಇನ್ನೊಂದು ವಿಷಯ ಎರಡನೇ ವರ್ಷದ್ದು. ಬೋನಸ್ ಮುಗಿಯಿತು, ಈಗ ಸಿಟಿಸಿ 11 ಲಕ್ಷ. ಶೇ. 9 ಹೈಕ್ ಕೊಟ್ಟರೂ ಹೋದ ವರ್ಷದ 12ಕ್ಕೆ ಮುಟ್ಟಲ್ಲ.

ಮಂಡಕ್ಕಿಮಿರ್ಚಿ

ಲೆಕ್ಕ ಸರಿ ಇದೆ ಸರ್. ಜಾಯ್ನಿಂಗ್ ಬೋನಸ್‌ನ ಷರತ್ತು ಮಾತ್ರ ಸೇರಿಸ್ತೀನಿ. ಸಾಮಾನ್ಯವಾಗಿ 12 ತಿಂಗಳ ಒಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಇರುತ್ತೆ. ಅಲ್ಲಿ ಎರಡು ಪದ ಹುಡುಕಿ. 'ಪ್ರೊ-ರೇಟಾ' ಅಂತಿದ್ದರೆ ಉಳಿದ ತಿಂಗಳಷ್ಟೇ ಕಟ್ಟೋದು. ಇಲ್ಲ ಅಂದ್ರೆ ಹನ್ನೊಂದನೇ ತಿಂಗಳು ಬಿಟ್ಟರೂ ಪೂರ್ತಿ. 'ಗ್ರಾಸ್' ಅಂತಿದ್ದರೆ, ತೆರಿಗೆ ಬೀಳೋ ಸಂಬಳದವರಿಗೆ ಟಿಡಿಎಸ್ ಕತ್ತರಿಸಿ 70 ಸಾವಿರ ಕೈಗೆ ಬಂದಿದ್ದರೂ ಕಟ್ಟೋದು 1 ಲಕ್ಷ. ಬೆಂಗಳೂರಿಗೆ ಸಾಮಾನು ಸಾಗಿಸೋಕೆ ಕೊಡೋ ರಿಲೊಕೇಶನ್ ಹಣಕ್ಕೂ ಇದೇ ಷರತ್ತು ಇರುತ್ತೆ, ಅದನ್ನ ಯಾರೂ ಓದಲ್ಲ.

ಏಳುಸುತ್ತಿನಕೋಟೆ

ಬೇಸಿಕ್ ಬಗ್ಗೆ ಒಂದು ಮಾತು. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದನ್ನ ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಹಿಂದೆ ಬೇಸಿಕ್ ಶೇ. 30-35ಕ್ಕೆ ಇಟ್ಟು ಉಳಿದದ್ದೆಲ್ಲ 'ಸ್ಪೆಷಲ್ ಅಲೊವೆನ್ಸ್' ಅಂತ ತುಂಬಿಸ್ತಿದ್ದರು. ಇದರಿಂದ ಗ್ರಾಚ್ಯುಟಿ ಜಾಸ್ತಿ ಆಗುತ್ತೆ. ಕೈಗೆ ಬರೋದು ಕಮ್ಮಿ ಆಗುತ್ತಾ ಅನ್ನೋದು ಕಂಪನಿ ಪಿಎಫ್ ಹೇಗೆ ಕಟ್ಟುತ್ತೆ ಅನ್ನೋದರ ಮೇಲೆ. ಪೂರ್ತಿ ಬೇಸಿಕ್ ಮೇಲೆ ಕಟ್ಟುವ ಕಡೆ ಕಮ್ಮಿ ಆಗುತ್ತೆ. ಪಿಎಫ್ ಲೆಕ್ಕದ 15,000 ವೇತನ ಮಿತಿಗೆ ನಿಲ್ಲಿಸಿ ತಿಂಗಳಿಗೆ 1,800 ಕಟ್ಟುವ ಕಡೆ ಏನೂ ಬದಲಾಗಲ್ಲ.

ಹಾಂ, ವಾಟ್ಸಾಪ್‌ನಲ್ಲಿ 'ಇನ್ಮುಂದೆ ಎಲ್ಲರಿಗೂ ಒಂದೇ ವರ್ಷಕ್ಕೆ ಗ್ರಾಚ್ಯುಟಿ' ಅಂತ ಓಡಾಡ್ತಿದೆಯಲ್ಲ, ಅದು ನಿಗದಿತ ಅವಧಿಯ ಕರಾರಿನ ನೌಕರರಿಗೆ ಮಾತ್ರ. ಕಾಯಂ ನೌಕರರಿಗೆ ಐದು ವರ್ಷವೇ.

ಹದಡಿರೋಡ್

ಪಿಎಫ್ ಬಗ್ಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳ್ರಿ. ಸ್ಲಿಪ್‌ನಲ್ಲಿ ಪಿಂಚಣಿ ಅಂತ ಬೇರೆ ಕಾಲಂ ಇರುತ್ತಂತಲ್ಲ?

ಲೆಕ್ಕದಪುಸ್ತಕ

ಹೆಚ್ಚು ಜನ ಸಿಕ್ಕಿಬೀಳೋ ಜಾಗ ಇದು. ಕಂಪನಿಯ ಶೇ. 12ರಲ್ಲಿ 8.33 ಪಿಂಚಣಿ ಯೋಜನೆಗೆ ಹೋಗುತ್ತೆ, 15,000ದ ಮೇಲೆ ಲೆಕ್ಕ, ಅಂದ್ರೆ ತಿಂಗಳಿಗೆ 1,250. ಆದರೆ 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್ ಸದಸ್ಯನಾಗುವವನ ವೇತನ ಸೇರುವಾಗಲೇ 15,000 ದಾಟಿದ್ದರೆ ಅವನಿಗೆ ಪಿಂಚಣಿ ಯೋಜನೆಯೇ ಇಲ್ಲ. ಪೂರ್ತಿ 12ರಷ್ಟೂ ಪಿಎಫ್ ಖಾತೆಗೇ ಹೋಗಬೇಕು. ಇಲ್ಲಿ ಬೇಸಿಕ್ 37,500. ಮೊದಲ ಕೆಲಸ. ಅಂದ್ರೆ ಪಾಸ್‌ಬುಕ್‌ನ ಪಿಂಚಣಿ ಕಾಲಂ ಸೊನ್ನೆ ಇರಬೇಕು.

ಎಷ್ಟೋ ಪೇರೋಲ್ ವಿಭಾಗದವರು ಅಭ್ಯಾಸಬಲದಿಂದ 1,250 ಅಲ್ಲಿಗೆ ಹಾಕಿಬಿಡ್ತಾರೆ. ಆಗ ಯಾರಿಗೂ ಗೊತ್ತಾಗಲ್ಲ. ನಾಲ್ಕು ವರ್ಷದ ನಂತರ ಬೇರೆ ಕಂಪನಿಗೆ ವರ್ಗಾವಣೆ ಹಾಕಿದಾಗ ಅರ್ಜಿ ತಿರಸ್ಕಾರ. ಆಗ ಹಳೆ ಕಂಪನಿಯೇ ಪತ್ರ ಕೊಟ್ಟು ಸರಿಪಡಿಸಬೇಕು, ಅವರಿಗೋ ಆಸಕ್ತಿ ಇರಲ್ಲ. ಅದಕ್ಕೇ ಎರಡನೇ ತಿಂಗಳಲ್ಲೇ ಪಾಸ್‌ಬುಕ್ ತೆಗೆದು ನೋಡಿ. ಇಂಟರ್ನ್‌ಶಿಪ್ ಅಥವಾ ಹಿಂದಿನ ಸಣ್ಣ ಕೆಲಸದಲ್ಲಿ 15,000ದ ಒಳಗೆ ಪಿಎಫ್, ಪಿಂಚಣಿ ಕಟ್ಟಿದ್ದರೆ ಲೆಕ್ಕ ಬೇರೆ, ಅಲ್ಲಿ ಸದಸ್ಯತ್ವ ಮುಂದುವರಿಯುತ್ತೆ.

ಹಳೆ ಯುಎಎನ್ (ಪಿಎಫ್ ಸದಸ್ಯನ ಕಾಯಂ ಸಂಖ್ಯೆ) ಇದ್ದರೆ ಅದನ್ನೇ ಕೊಡಿ, ಎರಡನೆಯದು ಮಾಡಿಸಬೇಡಿ. ಹೊಸದಾದರೆ ಈಗ ಉಮಂಗ್ ಆಪ್‌ನಲ್ಲಿ ಮುಖ ತೋರಿಸಿ ಆಧಾರ್ ಮೂಲಕ ಮಾಡ್ಕೋಬೇಕು. ನಾಮಿನಿ ಹೆಸರನ್ನೂ ಅವತ್ತೇ ಹಾಕಿಬಿಡಿ.

ಚಂದ್ರವಳ್ಳಿ

ಯುಎಎನ್‌ಗಿಂತ ಮುಂಚೆ ಹೆಸರು ನೋಡಿ. ನಮ್ಮ ಕಡೆ ಇದೇ ದೊಡ್ಡ ಗೋಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಬಸವರಾಜ ಎಚ್ ಎಂ', ಆಧಾರ್‌ನಲ್ಲಿ 'ಎಚ್ ಎಂ ಬಸವರಾಜ್', ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಮಠದ ಹೆಸರು ಎಲ್ಲ ಸೇರಿ ಉದ್ದಕ್ಕೆ ಬಂದಿರುತ್ತೆ. ಪ್ಯಾನ್ ಕಾರ್ಡ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿದ್ದರಿಂದ ಆದ ಅವಾಂತರ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡೋ ಏಜೆನ್ಸಿಯವರಿಗೆ ನಮ್ಮ ಇನಿಷಿಯಲ್ ಪದ್ಧತಿ ಅರ್ಥ ಆಗಲ್ಲ, 'ಡಿಸ್ಕ್ರಿಪೆನ್ಸಿ' ಅಂತ ಕೆಂಪು ಗೆರೆ ಹಾಕ್ತಾರೆ.

ಸೇರೋ ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಒಂದೇ ಕಾಗುಣಿತ ಮಾಡಿಸಿ. ಅಂಕಪಟ್ಟಿ ಬದಲಾಯಿಸೋದು ಕಷ್ಟ, ಅದಕ್ಕೆ 'ಇಬ್ಬರೂ ಒಬ್ಬನೇ ವ್ಯಕ್ತಿ' ಅನ್ನೋ ನೋಟರಿ ಅಫಿಡವಿಟ್ ಒಂದು ಮಾಡಿಸಿಟ್ಕೊಳ್ಳಿ. ಪದವಿ ಪತ್ರ ಬರೋವರೆಗೆ ವಿಟಿಯು ಕೊಡೋ ಪ್ರಾವಿಷನಲ್ ಸರ್ಟಿಫಿಕೇಟ್ ಸಾಮಾನ್ಯವಾಗಿ ನಡೆಯುತ್ತೆ. ಬ್ಯಾಕ್‌ಲಾಗ್ ಇದ್ದದ್ದನ್ನ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ಇದ್ದದ್ದಕ್ಕೆ ಕೆಲಸ ಹೋಗೋದು ಅಪರೂಪ, ಮುಚ್ಚಿಟ್ಟದ್ದಕ್ಕೆ ಹೋಗುತ್ತೆ.

ಕಾಟನ್‌ಮಿಲ್

ಅಲ್ರೀ, ಆಫರ್ ಲೆಟರ್ ಮೇಲೆ ಯಾವ ಕಂಪನಿ ಹೆಸರಿದೆ ಅಂತ ಯಾರಾದರೂ ಕೇಳಿದ್ರಾ? ಕೆಲಸ ಮಾಡೋದು ದೊಡ್ಡ ಕಂಪನಿಯ ಕಟ್ಟಡದಲ್ಲಿ, ಸಂಬಳ ಕೊಡೋದು ಬೇರೊಂದು ಪೇರೋಲ್ ಸಂಸ್ಥೆ, ಇಂಥವು ಸಾಕಷ್ಟಿವೆ. ಬ್ಯಾಡ್ಜ್ ಬಣ್ಣವೇ ಬೇರೆ ಇರುತ್ತೆ. ಷೇರು, ಬೋನಸ್, ಒಳಗಿನ ವರ್ಗಾವಣೆ ಯಾವುದೂ ಅವರಿಗಿಲ್ಲ. ಕ್ಲಯಂಟ್ ಕರಾರು ಮುಗಿದ ದಿನ ಕೆಲಸವೂ ಮುಗಿಯಬಹುದು. ಲೆಟರ್‌ನ ಕೊನೆಯ ಪುಟದಲ್ಲಿ ಸಹಿ ಯಾವ ಸಂಸ್ಥೆಯ ಪರವಾಗಿ ಅಂತ ನೋಡಿ, ಅದೇ ನಿಮ್ಮ ಕಂಪನಿ.

ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ, ಟ್ರೈನಿಂಗ್ ಫೀ ಕಟ್ಟಿ ಅಂದ್ರೆ ಅದು ಮೋಸ. ಮುಂದೆ ಮಾತಾಡೋ ಅಗತ್ಯವಿಲ್ಲ.

ಹದಡಿರೋಡ್

ನೋಡಿದೆ ಅಣ್ಣಾ, ಮೂಲ ಕಂಪನಿಯ ಭಾರತದ ಶಾಖೆಯದೇ ಸಹಿ. ವಾರಕ್ಕೆ ಮೂರು ದಿನ ಅನ್ನೋದನ್ನ ದಾವಣಗೆರೆಯಲ್ಲಿ ಇದ್ದುಕೊಂಡೇ ನಿಭಾಯಿಸಬಹುದಾ?

ಶಾಂತಿಸಾಗರ

ಆಗುತ್ತೆ ಅನ್ನೋರು ಆರು ತಿಂಗಳು ಮಾಡ್ತಾರೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ, ಚಿತ್ರದುರ್ಗದಿಂದ 200. ದೂರಕ್ಕಿಂತ ಲೆಕ್ಕ ಹಾಕೋ ವಿಧಾನ ಮುಖ್ಯ. ಬ್ಯಾಡ್ಜ್ ಸ್ವೈಪ್ ವಾರಕ್ಕೆ ಮೂರು ಅಂತ ಎಣಿಸ್ತಾರಾ, ತಿಂಗಳಿಗೆ 12 ಅಂತ ಎಣಿಸ್ತಾರಾ, ಮೂರು ತಿಂಗಳ ಸರಾಸರಿಯಾ? ತಿಂಗಳ ಲೆಕ್ಕ ಆದರೆ ಎರಡು ವಾರ ಬೆಂಗಳೂರಲ್ಲೇ ಪಿಜಿಯಲ್ಲಿದ್ದು ಹತ್ತು ದಿನ ಮುಗಿಸಿ, ಮತ್ತೆರಡು ದಿನಕ್ಕೆ ಒಂದು ಸಲ ಹೋಗಿಬರಬಹುದು. ವಾರದ ಲೆಕ್ಕ ಆದರೆ ಈ ದಾರಿ ಬಂದ್. ಮ್ಯಾನೇಜರ್ ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಮ್ಯಾನೇಜರ್ ಬದಲಾಗ್ತಾರೆ. ನೀತಿಯೂ ಬದಲಾಗುತ್ತೆ. ಅಮೆಜಾನ್ 2025ರ ಜನವರಿಯಿಂದ ಕಚೇರಿ ನೌಕರರಿಗೆ ಐದೂ ದಿನ ಅಂತ ಮಾಡಿತಲ್ಲ, ಹಂಗೆ.

ರಾತ್ರಿ ಬಸ್ಸಿನಲ್ಲಿ ಹೋಗೋರು ಮೆಜೆಸ್ಟಿಕ್‌ವರೆಗೆ ಹೋಗಬೇಕಿಲ್ಲ. ಹಸಿರು ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ, ತುಮಕೂರು ರಸ್ತೆಯಲ್ಲೇ. ಮಾದಾವರ, ನಾಗಸಂದ್ರ, ದಾಸರಹಳ್ಳಿ, ಬಸ್ಸು ಎಲ್ಲಿ ನಿಲ್ಲಿಸುತ್ತೋ ಅಲ್ಲಿ ಇಳಿದು ಮೆಟ್ರೊ ಹಿಡೀರಿ. ವೈಟ್‌ಫೀಲ್ಡ್‌ಗೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲು. ಎಲೆಕ್ಟ್ರಾನಿಕ್ ಸಿಟಿಗೆ ಆರ್‌.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ, ಅದು 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಹೊರವರ್ತುಲ ರಸ್ತೆಯ ಕಡೆ ಆಫೀಸಾದರೆ ದೇವರೇ ಗತಿ. ದಾವಣಗೆರೆಯವರಿಗೆ ವಂದೇ ಭಾರತ್, ಜನಶತಾಬ್ದಿ ಇವೆ. ದುರ್ಗದವರಿಗೆ ಬೆಂಗಳೂರಿಗೆ ನೇರ ಮಾರ್ಗ ಇನ್ನೂ ಪೂರ್ತಿ ಆಗಿಲ್ಲ, ಬಸ್ಸೇ ಗಟ್ಟಿ.

ವಾಣಿವಿಲಾಸ

ಮನೆಯಿಂದ ಮಾಡೋ ದಿನಗಳ ಬಗ್ಗೆ. ಬೆಸ್ಕಾಂ ಕರೆಂಟ್ ಹೋಗೋದು ಗ್ಯಾರಂಟಿ ಅಂತ ಇಟ್ಕೊಂಡೇ ಯೋಚಿಸಿ, ನಿರ್ವಹಣೆ ಕೆಲಸ ಅಂತ ಬೆಳಗ್ಗೆ ಹತ್ತಕ್ಕೆ ತೆಗೆದರೆ ಸಂಜೆವರೆಗೂ ಬರದ ದಿನ ಇರುತ್ತೆ. 150 ಆಂಪಿಯರ್-ಅವರ್‌ನ ಒಂದು 12 ವೋಲ್ಟ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರ್‌ನಲ್ಲೂ ನಷ್ಟ ಇದೆ, ಕೈಗೆ ಸಿಗೋದು 1,000-1,100. ಲ್ಯಾಪ್‌ಟಾಪ್ 65, ಮಾನಿಟರ್ 30, ಫೈಬರ್ ಪೆಟ್ಟಿಗೆ ಮತ್ತು ರೌಟರ್ 20, ಫ್ಯಾನ್ 70, ಟ್ಯೂಬ್‌ಲೈಟ್ 20. ಒಟ್ಟು 205 ವ್ಯಾಟ್, ಐದು ಗಂಟೆ. ಮನೆಯವರು ಟಿವಿ ಹಚ್ಚಿದರೆ ಮೂರೂವರೆ.

ಕರೆಂಟ್ ಹೋದ ಕ್ಷಣಕ್ಕೆ ರೌಟರ್ ರೀಸ್ಟಾರ್ಟ್ ಆಗಿ ಮೀಟಿಂಗ್ ಕಟ್ ಆಗ್ತಿದ್ದರೆ, ಇನ್ವರ್ಟರ್ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತೆ, ಅಲ್ಲಿಗೆ ಹಾಕಿ. ಇಲ್ಲಾಂದ್ರೆ ರೌಟರ್‌ಗಷ್ಟೇ 12 ವೋಲ್ಟ್‌ನ ಪುಟ್ಟ ಯುಪಿಎಸ್ ತಗೊಳ್ಳಿ. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು, ಒಂದಕ್ಕೇ ಹಾಕಿ ನೆಟ್ ಬರ್ತಿಲ್ಲ ಅಂತ ತಲೆ ಕೆಡಿಸ್ಕೊಳ್ತಾರೆ. ಎರಡನೇ ನೆಟ್ ಲೈನ್ ತಗೊಂಡ್ರೆ ಅದರ ಕೇಬಲ್ ಬೇರೆ ದಾರಿಯಿಂದ ಬರುತ್ತಾ ನೋಡಿ. ಎರಡೂ ಒಂದೇ ಕಂಬದಿಂದ ಇಳಿದಿದ್ದರೆ ರಸ್ತೆ ಅಗೆಯೋ ಜೆಸಿಬಿ ಎರಡನ್ನೂ ಒಟ್ಟಿಗೇ ಕೀಳುತ್ತೆ.

ಮಂಡಕ್ಕಿಮಿರ್ಚಿ

ಅಮೆರಿಕದ ತಂಡದ ಜತೆ ಕೆಲಸ ಆದರೆ ಸಮಯ ಗಮನಿಸಿ. ಅವರ ಪಶ್ಚಿಮ ಕರಾವಳಿಯ ಬೆಳಗಿನ 9 ಗಂಟೆ ನಮಗೆ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ ಅವರ ಗಡಿಯಾರ ಬದಲಾಗುತ್ತೆ.

ಆನ್-ಕಾಲ್ (ಸರದಿ ಪ್ರಕಾರ ಹೊತ್ತಲ್ಲದ ಹೊತ್ತಲ್ಲೂ ತುರ್ತು ದೋಷಕ್ಕೆ ಏಳೋದು) ಇದೆಯಾ ಅಂತ ಇಂಟರ್‌ವ್ಯೂ ಹಂತದಲ್ಲೇ ಕೇಳಿ. ಕೇಳಬೇಕಾದ್ದು: ಸರದಿಯಲ್ಲಿ ಎಷ್ಟು ಜನ, ಅಲಾರಂ ಬಂದ ಎಷ್ಟು ನಿಮಿಷದಲ್ಲಿ ಉತ್ತರಿಸಬೇಕು, ರಾತ್ರಿ ಎದ್ದವರಿಗೆ ಮರುದಿನ ರಜೆಯೋ ಹಣವೋ. ಎಂಟು ಜನರ ಸರದಿ ಅಂದ್ರೆ ಎರಡು ತಿಂಗಳಿಗೊಂದು ವಾರ, ಬದುಕಬಹುದು. ಮೂವರ ಸರದಿ ಅಂದ್ರೆ ಮೂರು ವಾರಕ್ಕೊಮ್ಮೆ, ಅದರಲ್ಲೊಬ್ಬ ಕೆಲಸ ಬಿಟ್ಟರೆ ವಾರ ಬಿಟ್ಟು ವಾರ. ತಂಡ ಸೊರಗುವುದು ಇಲ್ಲಿಂದಲೇ.

ಚಂದ್ರವಳ್ಳಿ

ರೇಟಿಂಗ್ ಬಗ್ಗೆ ಯಾರೂ ಬರೀಲಿಲ್ಲ, ನಾನೇ ಬರೀತೀನಿ. ಹೊರಗಿನವರು ತಿಳಿದಿರೋದು ಮ್ಯಾನೇಜರ್ ಅಂಕ ಕೊಡ್ತಾರೆ ಅಂತ. ಮ್ಯಾನೇಜರ್ ಕೊಡೋದು ಪ್ರಸ್ತಾಪ ಮಾತ್ರ. ಆಮೇಲೆ 'ಕ್ಯಾಲಿಬ್ರೇಷನ್' ಅಂತ ಸಭೆ ನಡೆಯುತ್ತೆ. ಐದಾರು ತಂಡಗಳ ಮ್ಯಾನೇಜರ್‌ಗಳು ಕೂತು ಒಂದೇ ಹಂತದವರನ್ನೆಲ್ಲ ಪಕ್ಕಪಕ್ಕ ಇಟ್ಟು ಹೋಲಿಸ್ತಾರೆ. ಮೈಕ್ರೋಸಾಫ್ಟ್ ನೌಕರರನ್ನ ಸಾಲಾಗಿ ಶ್ರೇಣೀಕರಿಸೋ ಪದ್ಧತಿಯನ್ನ 2013ರಲ್ಲೇ ಕೈಬಿಟ್ಟಿತು, ಆದರೆ ಹೈಕ್‌ಗೆ ಇಟ್ಟ ದುಡ್ಡು ಸೀಮಿತವಾಗಿರೋ ಕಡೆ ಹೆಸರು ಏನೇ ಇದ್ದರೂ ಮೇಲಿನ ರೇಟಿಂಗ್‌ಗೆ ಜಾಗ ಸೀಮಿತವೇ.

ಆ ಕೋಣೆಯಲ್ಲಿ ಒಬ್ಬನ ಹೆಸರಿಗೆ ಸಿಗೋದು ಕೆಲವೇ ನಿಮಿಷ. ಮ್ಯಾನೇಜರ್ ಬಾಯಲ್ಲಿ ಹೇಳೋಕೆ ಎರಡು ವಾಕ್ಯ ಬೇಕು, ಆ ವಾಕ್ಯಗಳನ್ನ ನೌಕರನೇ ಬರೆದು ಕೊಟ್ಟಿರಬೇಕು. ತಿಂಗಳಿಗೊಮ್ಮೆ ನಾಲ್ಕು ಸಾಲು: ಏನು ಮಾಡಿದ್ದು, ಮುಂಚೆ ಎಷ್ಟಿತ್ತು ಈಗ ಎಷ್ಟಾಗಿದೆ, ಯಾವ ತಂಡಕ್ಕೆ ಉಪಯೋಗ ಆಯಿತು, ಪುರಾವೆ ಎಲ್ಲಿದೆ. 'ಪರ್ಫಾರ್ಮೆನ್ಸ್ ಸುಧಾರಿಸಿದೆ' ಅಂತ ಬರೆದರೆ ಬರೆಯದಿದ್ದಂಗೆ. 'ರಾತ್ರಿ ಬ್ಯಾಚ್ ನಾಲ್ಕು ಗಂಟೆ ಓಡ್ತಿತ್ತು, ಈಗ 50 ನಿಮಿಷ, ಬಿಲ್ಲಿಂಗ್ ತಂಡ ಬೆಳಗ್ಗೆ ಆರಕ್ಕೇ ವರದಿ ನೋಡುತ್ತೆ', ಇದು ನಿಲ್ಲುತ್ತೆ.

ಎಲ್ಲಿ ಕೆಡುತ್ತೆ ಅಂದ್ರೆ, ವರ್ಷದ ನಡುವೆ ಮ್ಯಾನೇಜರ್ ಬದಲಾದಾಗ. ಹಳಬರಿಗೆ ಎಲ್ಲ ಗೊತ್ತಿರುತ್ತೆ, ಸಭೆಯಲ್ಲಿ ಕೂರೋದು ಹೊಸಬರು. ಹಳೆ ಮ್ಯಾನೇಜರ್ ಹೋಗೋ ವಾರವೇ ಅವರಿಂದ ಲಿಖಿತ ಅಭಿಪ್ರಾಯವನ್ನ ಕಂಪನಿಯ ವ್ಯವಸ್ಥೆಯಲ್ಲೇ ಹಾಕಿಸ್ಕೊಳ್ಳಿ. ಪ್ರಾಜೆಕ್ಟ್ ರದ್ದಾದಾಗಲೂ ಹಂಗೇ. ಕೆಲಸ ಮಾಡಿದ್ದು ನಿಜ, ತೋರಿಸೋಕೆ ಏನೂ ಉಳಿಯಲ್ಲ.

ಕಾಟನ್‌ಮಿಲ್

ಮೇಡಂ ಹೇಳಿದ್ದು ಸರಿ, ಆದರೆ ನಾಲ್ಕು ಸಾಲು ಬರೆದ ಮಾತ್ರಕ್ಕೆ ರೇಟಿಂಗ್ ಬಂದುಬಿಡಲ್ಲ. ಹಣ ತರೋ ಪ್ರಾಡಕ್ಟ್‌ನಲ್ಲಿ ಇರೋನು ಸಾಧಾರಣ ಕೆಲಸ ಮಾಡಿಯೂ ಮೇಲೆ ಹೋಗ್ತಾನೆ. ಮುಚ್ಚೋಕೆ ಇಟ್ಟ ಪ್ರಾಡಕ್ಟ್‌ನಲ್ಲಿ ಇರೋನು ಬೆವರು ಸುರಿಸಿದರೂ ಅಷ್ಟೇ. ತಂಡ ಆರಿಸ್ಕೊಳ್ಳೋಕೆ ಅವಕಾಶ ಇದ್ದರೆ ಅದನ್ನೇ ಮೊದಲು ನೋಡಬೇಕು.

ಚಂದ್ರವಳ್ಳಿ

ಒಪ್ಪಿದೆ. ಹೊಸಬರಿಗೆ ಆ ಆಯ್ಕೆ ಸಿಗೋದು ಕಮ್ಮಿ. ವರ್ಷ, ಒಂದೂವರೆ ವರ್ಷದ ನಂತರ ಒಳಗಿನ ವರ್ಗಾವಣೆಗೆ ಅರ್ಜಿ ಹಾಕಬಹುದು, ಕೆಳಗಿನ ರೇಟಿಂಗ್ ಇದ್ದವರಿಗೆ ಆ ಬಾಗಿಲೂ ಮುಚ್ಚಿರುತ್ತೆ.

ಹದಡಿರೋಡ್

ಪಿಐಪಿ ಅಂತ ಹೆದರಿಸ್ತಾರಲ್ಲ, ಅದೇನು?

ಏಳುಸುತ್ತಿನಕೋಟೆ

ಕಾಗದದ ಮೇಲೆ ಅದು ಸುಧಾರಣೆಗೆ ಕೊಡೋ ಗಡುವು, 30, 60 ಅಥವಾ 90 ದಿನ. ಎಷ್ಟೋ ಕಡೆ ಅದು ಹೊರಗೆ ಕಳಿಸೋ ಮೊದಲಿನ ಕಡತ ತಯಾರಿ. ಎರಡರಲ್ಲಿ ಯಾವುದು ಅಂತ ಗುರಿಗಳನ್ನ ನೋಡಿದರೆ ತಿಳಿಯುತ್ತೆ. 'ಈ ಮೂರು ಕೆಲಸ, ಈ ತಾರೀಖು, ಇಷ್ಟು ದೋಷದ ಒಳಗೆ' ಅಂತಿದ್ದರೆ ದಾಟಬಹುದು. 'ಹೆಚ್ಚು ಮಾಲೀಕತ್ವ ತೋರಿಸಬೇಕು' ಅಂತಿದ್ದರೆ ಅಳೆಯೋಕೆ ಏನೂ ಇಲ್ಲ. ಅಳೆಯೋ ಗುರಿ ಕೊಡಿ ಅಂತ ಮೇಲ್‌ನಲ್ಲೇ ಕೇಳಿ. ವಾರದ ಭೇಟಿಯಲ್ಲಿ ಆದ ಮಾತನ್ನ ಅದೇ ಸಂಜೆ ನಾಲ್ಕು ಸಾಲಲ್ಲಿ ಮೇಲ್ ಮಾಡಿ.

ಎಚ್‌ಆರ್ ಕೋಣೆಗೆ ಕರೆದು 'ಈಗಲೇ ರಾಜೀನಾಮೆ ಬರೆದುಕೊಡಿ, ಇಲ್ಲಾಂದ್ರೆ ದಾಖಲೆ ಹಾಳಾಗುತ್ತೆ' ಅಂದ್ರೆ ಅಲ್ಲೇ ಸಹಿ ಮಾಡಬೇಡಿ. ಸ್ವಂತ ಇಚ್ಛೆಯ ರಾಜೀನಾಮೆಗೆ ಕೆಲಸದಿಂದ ತೆಗೆದವರಿಗೆ ಸಿಗೋ ಪರಿಹಾರ ಇಲ್ಲ. ಕಂಪನಿಯೇ ತೆಗೆದರೆ, ಕಾನೂನಿನ 'ಕಾರ್ಮಿಕ' ವ್ಯಾಖ್ಯೆಯೊಳಗೆ ಬರುವವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜತೆಗೆ ಪ್ರತಿ ವರ್ಷಕ್ಕೆ 15 ದಿನದ ವೇತನ ಸಿಗಬೇಕು. ಕೈಕೆಳಗೆ ಜನ ಇಲ್ಲದ ತಾಂತ್ರಿಕ ನೌಕರ ಆ ವ್ಯಾಖ್ಯೆಯೊಳಗೆ ಬರಬಹುದು, ಮ್ಯಾನೇಜರ್ ಬರಲ್ಲ. ಹೆಸರಿಗೆ ಮಾತ್ರ ಮ್ಯಾನೇಜರ್ ಅಂತ ಇರೋರ ವಿಷಯದಲ್ಲಿ ಹುದ್ದೆ ಹೆಸರಿಗಿಂತ ನಿಜವಾಗಿ ಮಾಡೋ ಕೆಲಸವೇ ಮುಖ್ಯ ಆಗುತ್ತೆ. ಎರಡು ದಿನ ಸಮಯ ಕೇಳಿ, ಕೊಡುವ ಮೊತ್ತ, ವಿಮೆ ಎಲ್ಲಿವರೆಗೆ, ರಿಲೀವಿಂಗ್ ಲೆಟರ್‌ನಲ್ಲಿ ಏನು ಬರೀತಾರೆ, ಮೂರನ್ನೂ ಬರಹದಲ್ಲಿ ತಗೊಂಡು ಆಮೇಲೆ ಮಾತು.

ವಾಣಿವಿಲಾಸ

ವಿಮೆ ಅಂದಾಗ ನೆನಪಾಯಿತು. ತಂದೆತಾಯಿಯನ್ನ ಸೇರಿಸೋಕೆ ಅವಕಾಶ ಇರೋದು ಸೇರಿದ ಮೊದಲ ಕೆಲವು ವಾರ ಮಾತ್ರ, ತಪ್ಪಿದರೆ ಮುಂದಿನ ನವೀಕರಣಕ್ಕೆ ಕಾಯಬೇಕು. ಗುಂಪು ವಿಮೆಯಲ್ಲಿ ಹಳೆ ಸಕ್ಕರೆ ಕಾಯಿಲೆ, ಬಿಪಿಗೂ ಸಾಮಾನ್ಯವಾಗಿ ಮೊದಲ ದಿನದಿಂದ ರಕ್ಷಣೆ ಇರುತ್ತೆ, ಊರಲ್ಲಿರೋ ವಯಸ್ಸಾದವರಿಗೆ ಇದು ದೊಡ್ಡದು. ದಾವಣಗೆರೆ, ಚಿತ್ರದುರ್ಗದಲ್ಲಿ ನಗದುರಹಿತ ಸೌಲಭ್ಯ ಯಾವ ಆಸ್ಪತ್ರೆಯಲ್ಲಿದೆ ಅಂತ ವಿಮೆ ಪೋರ್ಟಲ್‌ನಲ್ಲಿ ಪಿನ್‌ಕೋಡ್ ಹಾಕಿ ಮೊದಲೇ ನೋಡಿ ಬರೆದಿಡಿ.

ಕೋಣೆ ಬಾಡಿಗೆ ಮಿತಿ ಗೊತ್ತಿರಲಿ. ಮಿತಿ 5,000 ಇದ್ದು 8,000ದ ಕೋಣೆ ತಗೊಂಡರೆ ಬರೀ ಮೂರು ಸಾವಿರದ ವ್ಯತ್ಯಾಸ ಅಲ್ಲ. ವೈದ್ಯರ ಫೀ, ಆಪರೇಷನ್ ಥಿಯೇಟರ್ ಶುಲ್ಕದಲ್ಲೂ ಎಂಟರಲ್ಲಿ ಐದು ಭಾಗ ಮಾತ್ರ ಕೊಡ್ತಾರೆ. ಔಷಧಿ, ಇಂಪ್ಲಾಂಟ್‌ಗೆ ಈ ಕಡಿತ ಇಲ್ಲ. ಕೆಲಸ ಬಿಟ್ಟ ದಿನವೇ ಈ ವಿಮೆ ಮುಗಿಯುತ್ತೆ, ಅದಕ್ಕೆ ಸ್ವಂತದ್ದೊಂದು ಸಣ್ಣ ಪಾಲಿಸಿ ಇರಲೇಬೇಕು.

ಶಾಂತಿಸಾಗರ

ಷೇರು ಕೊಡೋ ಕಂಪನಿಯಾ ಇದು? ಆರ್‌ಎಸ್‌ಯು (ಸಂಬಳದ ಭಾಗವಾಗಿ ಕೊಡೋ ಷೇರು) ಇದ್ದರೆ ವೆಸ್ಟಿಂಗ್ ಪಟ್ಟಿ, ಅಂದ್ರೆ ಯಾವ ವರ್ಷ ಎಷ್ಟು ಷೇರು ಕೈಗೆ ಬರುತ್ತೆ ಅನ್ನೋದನ್ನ ನೋಡಿ. ಅಮೆಜಾನ್‌ನ ಹೆಸರಾದ ಪಟ್ಟಿ ಮೊದಲ ವರ್ಷ ಶೇ. 5, ಎರಡನೇ ವರ್ಷ 15, ಆಮೇಲೆ 40, 40. ನಾಲ್ಕು ವರ್ಷದ ಷೇರನ್ನ ನಾಲ್ಕರಿಂದ ಭಾಗಿಸಿ ಸಿಟಿಸಿಗೆ ಸೇರಿಸೋದು ಅಲ್ಲಿ ಸುಳ್ಳಾಗುತ್ತೆ. ಖಾತೆಗೆ ಬಂದ ದಿನದ ಬೆಲೆ ಪೂರ್ತಿ ಸಂಬಳ ಅಂತಲೇ ತೆರಿಗೆಗೆ ಒಳಪಡುತ್ತೆ. ಶೇ. 30ರ ಹಂತದವರಿಗೆ 40 ಷೇರು ಬಂದರೆ 12-13 ಷೇರು ತೆರಿಗೆಗೇ ಮಾರಾಟ ಆಗಿ ಉಳಿದದ್ದು ಕಾಣುತ್ತೆ.

ಅಮೆರಿಕದ ಷೇರು ಒಂದೇ ಒಂದು ಇದ್ದರೂ ರಿಟರ್ನ್ ಸಲ್ಲಿಸುವಾಗ ವಿದೇಶಿ ಆಸ್ತಿಯ ಪಟ್ಟಿ, ಅಂದ್ರೆ ಶೆಡ್ಯೂಲ್ ಎಫ್‌ಎ ತುಂಬಬೇಕು. ಅದರ ಲೆಕ್ಕ ಏಪ್ರಿಲ್-ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ಮಾರದಿದ್ದರೂ ತುಂಬಬೇಕು.

ಹದಡಿರೋಡ್

ಷೇರು ಇಲ್ಲ ಸರ್. ಕೊನೆಗೆ ನೋಟಿಸ್ 90 ದಿನದ್ದು. ಮಧ್ಯದಲ್ಲೇ ಬಿಟ್ಟು ಬಂದರೆ ಏನು ಮಾಡ್ತಾರೆ?

ಮಂಡಕ್ಕಿಮಿರ್ಚಿ

ಹೇಳದೆ ಬಂದ್ರೆ 'ಅಬ್ಸ್‌ಕಾಂಡಿಂಗ್' ಅಂತ ದಾಖಲಿಸ್ತಾರೆ, ರಿಲೀವಿಂಗ್ ಲೆಟರ್ ಕೊಡಲ್ಲ, ಮುಂದಿನ ಕಂಪನಿಯ ವೆರಿಫಿಕೇಶನ್‌ನಲ್ಲಿ ಅದು ಬರುತ್ತೆ. ಕಮ್ಮಿ ಮಾಡ್ಕೋಬೇಕಾದ್ರೆ ದುಡ್ಡು ಕಟ್ಟಿ ಬಿಡಿಸ್ಕೊಳ್ಳೋ ಷರತ್ತು ಇದೆಯಾ ನೋಡಿ. ಅದು ಬೇಸಿಕ್ ಮೇಲೋ ಗ್ರಾಸ್ ಮೇಲೋ? ಮೇಲಿನ ಲೆಕ್ಕದಲ್ಲಿ ಒಂದು ತಿಂಗಳಿಗೆ 37,500 ಅಥವಾ 74,113, ವ್ಯತ್ಯಾಸ ನೀವೇ ನೋಡಿ. ಇದರ ಮೇಲೆ ಜಿಎಸ್‌ಟಿ ಹಾಕಿದರೆ ಕೊಡಬೇಡಿ, ನೋಟಿಸ್ ವಸೂಲಿಗೆ ಜಿಎಸ್‌ಟಿ ಇಲ್ಲ ಅಂತ 2022ರಲ್ಲೇ ಕೇಂದ್ರ ಸುತ್ತೋಲೆ ಬಂದಿದೆ. 'ಮ್ಯಾನೇಜರ್ ಒಪ್ಪಿದರೆ ಮಾತ್ರ' ಅನ್ನೋ ಸಾಲು ಇದ್ದರೆ ದುಡ್ಡು ಕಟ್ಟಿದರೂ ಹಕ್ಕಲ್ಲ.

ಏಳುಸುತ್ತಿನಕೋಟೆ

ಬಾಂಡ್ (ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ದುಡ್ಡು ಕಟ್ಟಬೇಕು ಅನ್ನೋ ಕರಾರು) ಇದ್ದರೆ ಅದು ಬೇರೆ. 'ಬಾಂಡ್ ಕಾನೂನುಬಾಹಿರ, ಹರಿದು ಹಾಕಿ' ಅನ್ನೋರ ಮಾತು ಕೇಳಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ 2 ಲಕ್ಷದ ಬಾಂಡನ್ನ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿ ವೆಚ್ಚದ ಹಿನ್ನೆಲೆಯಲ್ಲಿ ಬಂದದ್ದು, ಖಾಸಗಿಯವರೆಲ್ಲರ ಬಾಂಡೂ ಹಂಗೇ ಗೆಲ್ಲುತ್ತೆ ಅಂತಲ್ಲ. ಆದರೆ ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಅನ್ನೋ ಷರತ್ತು ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ನಿಲ್ಲಲ್ಲ. ಗೋಪ್ಯತೆಯ ಷರತ್ತು ಮಾತ್ರ ನಿಲ್ಲುತ್ತೆ. ಕಂಪನಿಯ ಕೋಡನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡರೆ, ಪೆನ್‌ಡ್ರೈವ್‌ಗೆ ಹಾಕಿದರೆ ಲ್ಯಾಪ್‌ಟಾಪ್‌ನಲ್ಲಿರೋ ಕಾವಲು ತಂತ್ರಾಂಶ ಅದನ್ನ ಹಿಡಿಯುತ್ತೆ.

ಲೆಕ್ಕದಪುಸ್ತಕ

ಬಿಡುವಾಗಿನ ತೆರಿಗೆ ಬಲೆ ಒಂದಿದೆ, ಉದಾಹರಣೆ ಕೊಡ್ತೀನಿ. ಮೊದಲ ಆರು ತಿಂಗಳು ಒಂದು ಕಂಪನಿ, 4.5 ಲಕ್ಷ. ಉಳಿದ ಆರು ತಿಂಗಳು ಇನ್ನೊಂದು, 10 ಲಕ್ಷ. ಹಳಬರು ವರ್ಷಕ್ಕೆ 9 ಲಕ್ಷ ಅಂತ ಅಂದಾಜಿಸಿ ತೆರಿಗೆ ಸೊನ್ನೆ ಅಂದರು. ಹೊಸಬರು ತಮ್ಮ 10 ಲಕ್ಷ ಮಾತ್ರ ನೋಡಿ ಸೊನ್ನೆ ಅಂದರು. ರಿಟರ್ನ್‌ನಲ್ಲಿ ಎರಡೂ ಸೇರಿ 14.5 ಲಕ್ಷ, 75,000 ಕಳೆದು 13.75 ಲಕ್ಷ. 2025-26ರ ದರದಲ್ಲಿ ತೆರಿಗೆ 86,250, ಸೆಸ್ ಸೇರಿ 89,700. ಮೇಲೆ ಬಡ್ಡಿ. ಹೊಸ ಕಂಪನಿಗೆ ಸೇರಿದ ವಾರವೇ ಹಳೆ ಸಂಬಳದ ವಿವರ ಕೊಟ್ಟುಬಿಟ್ಟರೆ ತಿಂಗಳು ತಿಂಗಳು ಟಿಡಿಎಸ್ ಹಿಡೀತಾರೆ, ಜುಲೈನಲ್ಲಿ ಒಟ್ಟಿಗೇ ಹೊಡೆತ ಬೀಳಲ್ಲ.

ಬಾಕಿ ಲೆಕ್ಕ ಎರಡು ಕೆಲಸದ ದಿನದಲ್ಲಿ ಚುಕ್ತಾ ಆಗಬೇಕು ಅಂತ ವೇತನ ಸಂಹಿತೆಯಲ್ಲಿದೆ. ತಿಂಗಳು, ಒಂದೂವರೆ ತಿಂಗಳು ಎಳೆದರೆ ಅದನ್ನ ಉಲ್ಲೇಖಿಸಿ ಮೇಲ್ ಹಾಕಿ. ಪಿಎಫ್‌ನಲ್ಲಿ ಬಿಟ್ಟ ತಾರೀಖನ್ನ ಕಂಪನಿ ಹಾಕದಿದ್ದರೆ, ಕೊನೆಯ ಕಂತಿನಿಂದ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಐದು ವರ್ಷ ಆಗದೆ ಪಿಎಫ್ ತೆಗೀಬೇಡಿ. 50,000 ದಾಟಿದರೆ ಶೇ. 10 ಟಿಡಿಎಸ್ ಹೋಗುತ್ತೆ, ವರ್ಗಾವಣೆ ಮಾಡಿದರೆ ಹಳೆ ಸೇವೆಯೂ ಎಣಿಕೆಗೆ ಬರುತ್ತೆ.

ಹದಡಿರೋಡ್

ಎಚ್‌ಆರ್‌ಗೆ ಮೂರು ಪ್ರಶ್ನೆ ಮೇಲ್ ಮಾಡಿಸಿದೆ: ಬೋನಸ್ ವಾಪಸಾತಿ ಪ್ರೊ-ರೇಟಾನಾ, ಹಾಜರಿ ವಾರದ್ದಾ ತಿಂಗಳದ್ದಾ, ನೋಟಿಸ್ ಬಿಡಿಸ್ಕೊಳ್ಳೋದು ಬೇಸಿಕ್ ಮೇಲಾ. ಬೇರೆ ಏನಾದರೂ ಬಿಟ್ಟಿದೀನಾ?

ಚಂದ್ರವಳ್ಳಿ

ವೇರಿಯಬಲ್ 1.2 ಲಕ್ಷ ಯಾವ ತಿಂಗಳು ಕೊಡ್ತಾರೆ, ಆ ದಿನ ನೋಟಿಸ್‌ನಲ್ಲಿದ್ದರೂ ಕೊಡ್ತಾರಾ ಅಂತ ಸೇರಿಸಿ. ಎಷ್ಟೋ ಕಡೆ ರಾಜೀನಾಮೆ ಕೊಟ್ಟವರಿಗೆ ಅದು ಬರಲ್ಲ. ಹಂಗಿದ್ದರೆ ಬಿಡೋ ತಾರೀಖನ್ನ ಆ ತಿಂಗಳು ನೋಡಿಕೊಂಡೇ ನಿರ್ಧರಿಸಬೇಕು.

ಹದಡಿರೋಡ್

ಸೇರಿಸಿದೆ ಅಕ್ಕ. ಉತ್ತರ ಬಂದ ಮೇಲೆ ಇಲ್ಲೇ ಹಾಕ್ತೀನಿ.